ಅರುಂಧತಿಯನ್ನು ತೋರಿಸುವ ಬಗೆ

ಮದುವೆಯ ದಿನ ವಧೂವರರಿಗೆ ಅರುಂಧತೀ ನಕ್ಷತ್ರವನ್ನು ತೋರಿಸುವ ಸಂಪ್ರದಾಯ ನಮ್ಮಲ್ಲಿ ಉಂಟು. ಈಗ ಅನೇಕ ಕಡೆ ಹಾಡಹಗಲಿನಲ್ಲಿಯೇ ಪುರೋಹಿತರು ಅವರನ್ನು ಛತ್ರದ ಬಾಗಿಲಿಗೆ ಕರೆತಂದು ಆಕಾಶದ ಕಡೆಗೆ ಕೈ ತೋರಿಸುತ್ತಾರೆ. ವಧೂವರರು ಕಂಡಿತೆಂದು ತಲೆಯಾಡಿಸುತ್ತಾರೆ. ಯಾರಿಗೂ ಏನೂ ಕಂಡಿರುವುದಿಲ್ಲ. ಕಾಣಲಿಲ್ಲವೆಂದು ಹೇಳುವ ಧೈರ್ಯವೂ ಯಾರಿಗೂ ಇರುವುದಿಲ್ಲ. ಹಿಂದಿನವರು ಹೀಗೆ ತೋರಿಸುತ್ತಿರಲಿಲ್ಲ. ಅರುಂಧತಿ ಮಂದವಾದ ನಕ್ಷತ್ರ. ಸಪ್ತರ್ಷಿಮಂಡಲದಲ್ಲಿ ವಸಿಷ್ಠನ ಮಗ್ಗುಲಲ್ಲಿಯೇ ಇದ್ದರೂ ಒಮ್ಮೆಲೇ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಮೊದಲು ಅದರ ಬಳಿಯಿರುವ ದೊಡ್ಡ ನಕ್ಷತ್ರವನ್ನು ತೋರಿಸಿ, "ಇದೇ ಅರುಂಧತಿ" ಎನ್ನುವರು. ನೋಟ ಅಲ್ಲಿ ನೆಲಸಿದ ಮೇಲೆ, "ಇದಲ್ಲ, ಇದರ ಪಕ್ಕದ್ದು" ಎಂದು ಸೂಕ್ಷ್ಮವಾದುದರ ಕಡೆಗೆ ಕಣ್ಣನ್ನು ಸಾಗಿಸುವರು. ಶಾಸ್ತ್ರಕಾರರು ಇದನ್ನು ಸ್ಥೂಲಾರುಂಧತೀ ನ್ಯಾಯವೆಂದು ಕರೆದಿದ್ದಾರೆ. ಇದಕ್ಕೆ ನೆಂಟನಾದ ಇನ್ನೊಂದು ನ್ಯಾಯ ಶಾಖಾಚಂದ್ರ ನ್ಯಾಯ. ಮರದ ಕೊಂಬೆಯನ್ನು ಗುರುತಾಗಿ ಹಿಡಿದು, ಅದರ ತುದಿಯಲ್ಲಿ ಚಂದ್ರನನ್ನು ನೋಡು ಎನ್ನುವುದು. ಕೊಂಬೆಗೂ ಚಂದ್ರನಿಗೂ ಸಂಬಂಧವೇನೂ ಇಲ್ಲ. ಕೊಂಬೆಯ ಕೆಲಸ ಕಣ್ಣಿಗೆ ದಾರಿ ತೋರಿಸುವುದು ಮಾತ್ರ.

ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಈ ಎರಡು ನ್ಯಾಯಗಳನ್ನು ಕಾವ್ಯದ ಉಪಮೆಗಳಿಗೆ ಹೊಂದಿಸಿ ನೋಡುತ್ತಿದ್ದವನು. ಇವು ಗಣಿತದ ಚಿತ್ರಗಳಿಗೂ ಅನ್ವಯಿಸುತ್ತವೆಂದು ನನಗೆ ಹೊಳೆದುದು ಒಂದು ವಿಜ್ಞಾನ ವಸ್ತುಪ್ರದರ್ಶನದಲ್ಲಿ. ಅಂದು ನಾನು ಮೂವರು ತೀರ್ಪುಗಾರರಲ್ಲಿ ಒಬ್ಬನಾಗಿದ್ದೆ. ಅಂದು ನಾನು ಕೊಟ್ಟ ತೀರ್ಪು ಸರಿಯಲ್ಲವೆಂದು ಈಗ ನನಗೆ ಅನ್ನಿಸುತ್ತದೆ. ಏಕೆಂಬುದನ್ನು ವಿವರಿಸಲು ಈ ನಾಲ್ಕು ಮಾತು.

ಅನಂತ ಎಂಬ ಪರಿಕಲ್ಪನೆಯನ್ನು ಚಿತ್ರದಿಂದ ವಿವರಿಸಬೇಕೆಂಬುದು ಅಂದಿನ ಸ್ಪರ್ಧೆಯ ವಿಷಯ. ಕಡೆಯ ಸುತ್ತಿಗೆ ಉಳಿದವು ಎರಡು ಚಿತ್ರಗಳು. ಒಂದು, ಹುಡುಗನೊಬ್ಬ ಕಂಪ್ಯೂಟರಿನ ನೆರವಿನಿಂದ ಮುದ್ರಿಸಿ ತಂದಿದ್ದ ವರ್ಣಚಿತ್ರ. ನಡುವೆ ಜೀರುಂಡೆಯ ಆಕಾರದ ಕಪ್ಪು ಒಡಲು. ಅದರ ಸುತ್ತ ನೀಲಿ, ಕಿತ್ತಳೆ, ಹೊನ್ನಿನ ಬಣ್ಣಗಳ ಬಳ್ಳಿಗಳು, ಸುಳಿಗಳು, ಕಡಲಕುದುರೆಯ ಬಾಲದಂಥ ಸುರುಳಿಗಳು. ಕಣ್ಣು ಕೀಳಲಾಗದಷ್ಟು ಸೊಗಸು. ಇನ್ನೊಂದು, ಹುಡುಗಿಯೊಬ್ಬಳು ಪೆನ್ಸಿಲಿನಿಂದ ಬರೆದಿದ್ದ ಹಾಳೆ. ಅದರಲ್ಲಿ ಸಾಲಾಗಿ ಆರು ಚೌಕಗಳು. ಮೊದಲನೆಯದರಲ್ಲಿ ಬರಿಯ ತ್ರಿಭುಜ. ಎರಡನೆಯದರಲ್ಲಿ ಆರು ಮೊನೆಯ ನಕ್ಷತ್ರ. ಮುಂದೆ ಹೋದಂತೆ ಅಂಚು ಹಲ್ಲುಹಲ್ಲಾಗಿ, ಐದನೆಯದರಲ್ಲಿ ಹಿಮದ ಹರಳಿನಂತೆ ಜಾಲರಿಗಟ್ಟಿತ್ತು. ಆರನೆಯ ಚೌಕ ಖಾಲಿ.

"ಇದೇಕಮ್ಮ, ಕೊನೆಯದನ್ನು ಮುಗಿಸಲಿಲ್ಲ?" ಎಂದು ಕೇಳಿದೆ.

"ಅಲ್ಲಿ ಒಂದೊಂದು ಗೆರೆಯೂ ಪೆನ್ಸಿಲಿನ ಗೆರೆಯ ದಪ್ಪಕ್ಕಿಂತ ಚಿಕ್ಕದಾಗುತ್ತದೆ, ಸಾರ್. ಬರೆದರೆ ಸುಳ್ಳಾಗುತ್ತದೆ" ಎಂದಳು.

ನಾನು ನಕ್ಕು ಮುಂದೆ ನಡೆದೆ. ಅಪೂರ್ಣವೆಂದು ಅಂಕ ಕಳೆದೆ. ವರ್ಣಚಿತ್ರಕ್ಕೆ ಮೊದಲ ಬಹುಮಾನ ಬಂತು. ನನ್ನ ಮತವೂ ಅದಕ್ಕೇ ಸಂದಿತ್ತು.

ಹುಡುಗಿ ಬರೆದುದು ಏನೆಂಬುದನ್ನು ಮೊದಲು ತಿಳಿಯೋಣ. ಅದು ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ಫಾನ್ ಕಾಕ್ 1904ರಲ್ಲಿ ವರ್ಣಿಸಿದ ರೇಖೆ. ಅದನ್ನು ಎಳೆಯುವ ನಿಯಮ ಬಹಳ ಸರಳ. ಒಂದು ಸರಳರೇಖೆಯನ್ನು ಮೂರು ಸಮಭಾಗ ಮಾಡಿ, ನಡುವಿನ ಭಾಗವನ್ನು ತೆಗೆದು, ಅದರ ಜಾಗದಲ್ಲಿ ಅಷ್ಟೇ ಉದ್ದದ ಎರಡು ಗೆರೆಗಳನ್ನು ಗುಡಾರದಂತೆ ನಿಲ್ಲಿಸಬೇಕು. ಒಂದು ರೇಖೆಯಿದ್ದ ಕಡೆ ನಾಲ್ಕು ರೇಖೆಗಳಾದವು. ಈ ನಾಲ್ಕರ ಮೇಲೆಯೂ ಅದೇ ಕೆಲಸ, ಆಮೇಲೆ ಹದಿನಾರರ ಮೇಲೆ, ಹೀಗೆ ಕೊನೆಯಿಲ್ಲದೆ. ಸಮಭುಜ ತ್ರಿಭುಜದ ಮೂರು ಬದಿಗಳ ಮೇಲೂ ಇದನ್ನು ನಡೆಸಿದರೆ ಹಿಮದ ಹರಳಿನ ಆಕೃತಿ ಬರುತ್ತದೆ.

ಕಾಕ್ ಈ ರೇಖೆಯನ್ನು ಕಲ್ಪಿಸಿದ ಸಂದರ್ಭ ನಮ್ಮ ವಿಷಯಕ್ಕೆ ತುಂಬ ಹತ್ತಿರವಾದುದು. ಎಲ್ಲಿಯೂ ತುಂಡಾಗದೆ ಸಾಗುತ್ತಿದ್ದರೂ ಯಾವ ಬಿಂದುವಿನಲ್ಲಿಯೂ ಸ್ಪರ್ಶರೇಖೆಯಿಲ್ಲದ ವಕ್ರವೊಂದು ಇರಬಲ್ಲದೆಂದು ಜರ್ಮನಿಯ ವೈಯರ್‌ಸ್ಟ್ರಾಸ್ 1872ರಲ್ಲಿ ತೋರಿಸಿದ್ದನು. ಆದರೆ ಅವನು ತೋರಿಸಿದುದು ಸೂತ್ರದ ಮೂಲಕ. ಸೂತ್ರದೊಳಗೆ ವಕ್ರದ ರೂಪ ಅಡಗಿಹೋಗಿದೆ, ಅದು ಹೀಗೇಕೆಂಬುದು ಕಣ್ಣಿಗೆ ತಿಳಿಯುವುದಿಲ್ಲ ಎಂಬುದು ಕಾಕನ ಅತೃಪ್ತಿ. ಅಳತೆಪಟ್ಟಿ ಕೈವಾರಗಳ ಸಾಮಾನ್ಯ ರೇಖಾಗಣಿತದಿಂದಲೇ ಅದನ್ನು ಕಾಣಿಸಬೇಕೆಂದು ಅವನು ಈ ರೇಖೆಯನ್ನು ಕಟ್ಟಿದನು. ಎಂದರೆ ಇದು ಅಲಂಕಾರಕ್ಕೆಂದು ಹುಟ್ಟಿದ ಚಿತ್ರವಲ್ಲ, ತಿಳಿವಿಗೆಂದೇ ಹುಟ್ಟಿದುದು.

ಈಗ ಹುಡುಗಿಯ ಹಾಳೆಗೆ ಬರೋಣ. ಅವಳ ಮೊದಲ ತ್ರಿಭುಜದ ಬದಿ 9 ಸೆಂ.ಮೀ. ಪ್ರತಿ ಚೌಕದ ಕೆಳಗೂ ಅವಳು ಸುತ್ತಳತೆಯನ್ನು ಬರೆದಿದ್ದಳು: 27 ಸೆಂ.ಮೀ., 36, 48, 64, ಐದನೆಯದರ ಕೆಳಗೆ 85ಕ್ಕಿಂತ ತುಸು ಹೆಚ್ಚು. ಪ್ರತಿ ಹಂತದಲ್ಲಿಯೂ ಸುತ್ತಳತೆ ಹಿಂದಿನದರ ಮೂರನೆಯ ಒಂದು ಭಾಗದಷ್ಟು ಬೆಳೆಯುತ್ತದೆ. ಚಿತ್ರ ಮಾತ್ರ ಹಿಗ್ಗುವುದಿಲ್ಲ. ಮೊದಲ ತ್ರಿಭುಜದ ಮೂರು ಶೃಂಗಗಳ ಮೂಲಕ ಒಂದು ವೃತ್ತವನ್ನು ಎಳೆದರೆ, ಅದರ ತ್ರಿಜ್ಯ ಸುಮಾರು 5.2 ಸೆಂ.ಮೀ.; ಎಷ್ಟು ಹಂತ ನಡೆದರೂ ಹರಳು ಆ ವೃತ್ತವನ್ನು ದಾಟುವುದಿಲ್ಲ. ಅದರ ವಿಸ್ತೀರ್ಣ ಮೊದಲ ತ್ರಿಭುಜದ 8/5ರಷ್ಟನ್ನು ಎಂದಿಗೂ ಮೀರುವುದಿಲ್ಲ. ಸುತ್ತಳತೆಗೆ ಮಾತ್ರ ಮಿತಿಯೇ ಇಲ್ಲ. ಲೆಕ್ಕ ಹಾಕಿ ನೋಡಿದರೆ, 29ನೆಯ ಸಲ ನಿಯಮವನ್ನು ನಡೆಸುವ ವೇಳೆಗೆ ಅದು ಒಂದು ಕಿಲೋಮೀಟರನ್ನು ದಾಟಿರುತ್ತದೆ. 66ನೆಯ ಸಲಕ್ಕೆ ಭೂಮಿಯ ಸುತ್ತಳತೆಯಾದ ಸುಮಾರು 40,000 ಕಿಲೋಮೀಟರನ್ನೂ ಮೀರುತ್ತದೆ. ಅಂಗೈಯಗಲದ ಜಾಗದೊಳಗೆ ಭೂಮಂಡಲವನ್ನು ಬಳಸಿ ಬರುವಷ್ಟು ಉದ್ದದ ಗೆರೆ!

ಈ ಚಿತ್ರ ಈ ಸತ್ಯವನ್ನು ಎಷ್ಟರ ಮಟ್ಟಿಗೆ ತೋರಿಸುತ್ತದೆ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ವಿಸ್ತೀರ್ಣ ಮಿತವಾದುದೆಂಬುದನ್ನು ಚಿತ್ರ ಚೆನ್ನಾಗಿ ತೋರಿಸುತ್ತದೆ. ವೃತ್ತವೊಂದನ್ನು ಎಳೆದರೆ ಸಾಕು. ಭಾಗವು ಇಡಿಯನ್ನು ಹೋಲುತ್ತದೆಂಬುದನ್ನೂ ಸಾಕಷ್ಟು ತೋರಿಸುತ್ತದೆ. ಅಂಚಿನ ಒಂದು ತುಣುಕನ್ನು ಮೂರರಷ್ಟು ಹಿಗ್ಗಿಸಿದರೆ ಹಿಂದಿನ ಹಂತದ ರೂಪ ಮತ್ತೆ ಬರುತ್ತದೆ. ಆದರೆ ಸುತ್ತಳತೆ ಅನಂತವೆಂಬುದನ್ನು ಚಿತ್ರ ತೋರಿಸಲಾರದು. ಐದನೆಯ ಚೌಕಕ್ಕೂ ಐವತ್ತನೆಯದಕ್ಕೂ ಕಣ್ಣಿಗೆ ಭೇದವೇ ತೋರದು. ಇನ್ನು ಸ್ಪರ್ಶರೇಖೆ ಇಲ್ಲವೆಂಬ ಮಾತು: ಕಾಕ್ ಮುಖ್ಯವಾಗಿ ಕಾಣಿಸಬಯಸಿದ್ದು ಅದನ್ನೇ. ಕಾಗದದ ಮೇಲಿನ ಚಿತ್ರ ಅದಕ್ಕೆ ನೇರವಾಗಿ ವಿರುದ್ಧ. ಏಕೆಂದರೆ ಬರೆದ ಪ್ರತಿ ಹಂತವೂ ಸರಳರೇಖೆಗಳಿಂದಲೇ ಆದುದು. ಸರಳರೇಖೆಯ ನಡುವೆ ಸ್ಪರ್ಶರೇಖೆ ಇದ್ದೇ ಇರುತ್ತದೆ. ಮೂಲೆಗಳ ನಡುವೆ ಮೂಲೆಗಳು ಹುಟ್ಟುತ್ತ ಹೋಗಿ ನೇರವಾದ ತುಣುಕೇ ಉಳಿಯದ ಸ್ಥಿತಿಯನ್ನು ನೋಡುವವನು ಮನಸ್ಸಿನಲ್ಲಿಯೇ ತುಂಬಿಕೊಳ್ಳಬೇಕು. ಹೀಗೆ ಒಂದೇ ಚಿತ್ರ ಒಂದು ಭಾವಕ್ಕೆ ಒಳ್ಳೆಯ ದೃಷ್ಟಾಂತವೂ ಮತ್ತೊಂದಕ್ಕೆ ಸಾಲದ ದೃಷ್ಟಾಂತವೂ ಆಗಬಹುದು.

ಹುಡುಗಿಯ ಖಾಲಿ ಚೌಕದ ಬೆಲೆ ಇಲ್ಲಿ ತಿಳಿಯುತ್ತದೆ. ಅವಳ ಐದನೆಯ ಚಿತ್ರದಲ್ಲಿ 768 ಗೆರೆಗಳು, ಒಂದೊಂದೂ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ಆರನೆಯದರಲ್ಲಿ 3,072 ಗೆರೆಗಳಾಗಬೇಕು. ಒಂದೊಂದರ ಉದ್ದ 0.4 ಮಿಲಿಮೀಟರಿಗೂ ಕಡಿಮೆ. ಪೆನ್ಸಿಲಿನ ಗೆರೆಯೇ ಅದಕ್ಕಿಂತ ದಪ್ಪ. "ಇಲ್ಲಿಯವರೆಗೆ ಕೈ ತೋರಿಸಿದೆ, ಇನ್ನು ಮುಂದೆ ಬುದ್ಧಿ ನಡೆಯಬೇಕು" ಎಂದು ಆ ಚೌಕ ಹೇಳುತ್ತಿತ್ತು. ಇದೇ ಅರುಂಧತೀ ನ್ಯಾಯ. ಇದಲ್ಲ, ಇದರ ಮುಂದಿನದು. ಅದೂ ಅಲ್ಲ, ಅದರ ಮುಂದಿನದು.

ವರ್ಣಚಿತ್ರದ ವಿಷಯಕ್ಕೂ ನ್ಯಾಯ ಸಲ್ಲಬೇಕು. ಅದು ಮ್ಯಾಂಡೆಲ್‌ಬ್ರಾಟ್ ಗಣದ ಚಿತ್ರ. ಪೋಲೆಂಡಿನಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಬೆಳೆದು, ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ದುಡಿದ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಇಂಥ ಮುರುಕು ಅಂಚಿನ ಆಕೃತಿಗಳಿಗೆಲ್ಲ 1975ರಲ್ಲಿ ಫ್ರ್ಯಾಕ್ಟಲ್ ಎಂದು ಹೆಸರಿಟ್ಟನು. ಮುರಿದದ್ದು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರು ಅದು. ಈ ಗಣದ ನಿಯಮವೂ ಚಿಕ್ಕದೇ. ಸೊನ್ನೆಯಿಂದ ಹೊರಡಿರಿ, ಕೈಯಲ್ಲಿರುವ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಆರಿಸಿಕೊಂಡ ಒಂದು ಸಂಖ್ಯೆಯನ್ನು ಕೂಡಿಸಿರಿ, ಬಂದುದರ ಮೇಲೆ ಮತ್ತೆ ಅದನ್ನೇ ಮಾಡಿರಿ. ಆರಿಸಿದ ಸಂಖ್ಯೆ 1 ಆದರೆ 0, 1, 2, 5, 26 ಎಂದು ಬೆಳೆದು ಓಡಿಹೋಗುತ್ತದೆ. ಆರಿಸಿದ್ದು -1 ಆದರೆ 0, -1, 0, -1 ಎಂದು ಅಲ್ಲಲ್ಲೇ ತೂಗುತ್ತದೆ. ಓಡಿಹೋಗದ ಸಂಖ್ಯೆಗಳು ಗಣಕ್ಕೆ ಸೇರಿದವು, ಓಡಿಹೋಗುವವು ಹೊರಗಿನವು. ಸಮ್ಮಿಶ್ರ ಸಂಖ್ಯೆಗಳನ್ನೂ ಸೇರಿಸಿ, ಒಂದೊಂದನ್ನೂ ಸಮತಲದ ಒಂದೊಂದು ಬಿಂದುವಾಗಿ ಗುರುತಿಸಿದರೆ ಆ ಜೀರುಂಡೆಯ ಆಕಾರ ಮೂಡುತ್ತದೆ.

ಇದರಲ್ಲಿ ಬಣ್ಣವೆಲ್ಲಿಂದ ಬಂತು? ಗಣ ಎಂಬುದು ನಡುವಿನ ಕಪ್ಪು ಭಾಗ ಮಾತ್ರ. ಸುತ್ತಲ ನೀಲಿ ಕಿತ್ತಳೆಗಳೆಲ್ಲ ಗಣದ ಹೊರಗಿನವು. ಯಾವ ಸಂಖ್ಯೆ ಎಷ್ಟು ಹಂತಗಳಲ್ಲಿ 2ರ ಮಿತಿಯನ್ನು ದಾಟಿ ಓಡಿಹೋಯಿತೆಂಬುದನ್ನು ಎಣಿಸಿ, ಆ ಎಣಿಕೆಗೆ ತಕ್ಕಂತೆ ಬಣ್ಣ ಕೊಟ್ಟಿರುತ್ತಾರೆ. ಎಣಿಕೆ ಗಣಿತದ್ದು, ಆದರೆ ಮೂರಕ್ಕೆ ನೀಲಿ, ಹತ್ತಕ್ಕೆ ಹೊನ್ನು ಎಂಬುದು ಬರೆದವನ ಇಷ್ಟ. ಅಂದು ನಾವು ತೀರ್ಪುಗಾರರು ಮೆಚ್ಚಿ ತಲೆದೂಗಿದುದು ಗಣದ ಹೊರಗಿನದಕ್ಕೆ. ನಾನು ಆ ಹುಡುಗನನ್ನು, "ಇದರಲ್ಲಿ ಅನಂತ ಯಾವುದಪ್ಪ?" ಎಂದು ಕೇಳಿದ್ದೆ. "ಎಲ್ಲವೂ ಅನಂತವೇ, ಸಾರ್" ಎಂದಿದ್ದನು. ಮುಂದಿನ ಪ್ರಶ್ನೆಯನ್ನು ನಾನು ಕೇಳಲಿಲ್ಲ. ತಪ್ಪು ಅವನದಲ್ಲ, ಚಿತ್ರದ ಸೊಗಸೇ ಉತ್ತರವೆಂದು ತಿಳಿದವನು ನಾನು.

ಸೊಗಸು ಹಾಗಿರಲಿ, ಕಣ್ಣನ್ನೇ ನೆಚ್ಚಿದರೆ ಬಲ್ಲವರೂ ಎಡವುತ್ತಾರೆ. ಈ ಗಣದ ಮೊದಲ ಚಿತ್ರವನ್ನು 1978ರಲ್ಲಿ ರಾಬರ್ಟ್ ಬ್ರೂಕ್ಸ್ ಮತ್ತು ಪೀಟರ್ ಮಾಟೆಲ್‌ಸ್ಕಿ ಎಂಬುವರು ಮುದ್ರಣಯಂತ್ರದ ನಕ್ಷತ್ರಚಿಹ್ನೆಗಳನ್ನು ಜೋಡಿಸಿ ಪಡೆದಿದ್ದರು. 1980ರಲ್ಲಿ ಮ್ಯಾಂಡೆಲ್‌ಬ್ರಾಟ್ ಹೆಚ್ಚು ಸೂಕ್ಷ್ಮವಾದ ಚಿತ್ರಗಳನ್ನು ಪಡೆದಾಗ, ದೊಡ್ಡ ಒಡಲಿನಿಂದ ದೂರದಲ್ಲಿ ಚಿಕ್ಕ ಚಿಕ್ಕ ದ್ವೀಪಗಳು ಕಂಡವು. ಗಣವು ಒಂದೇ ತುಂಡಲ್ಲ, ಚೂರುಚೂರಾಗಿ ಚೆದರಿದೆ ಎಂದು ಅವನು ಮೊದಲು ಊಹಿಸಿದನು. ಕಂಪ್ಯೂಟರು ಅಲ್ಲೊಂದು ಇಲ್ಲೊಂದು ಬಿಂದುವನ್ನು ಪರೀಕ್ಷಿಸುವುದಷ್ಟೆ. ದ್ವೀಪಗಳನ್ನು ಒಡಲಿಗೆ ಕಟ್ಟಿದ್ದ ಎಳೆಗಳು ಬಹು ತೆಳುವಾದವು. ಅವು ಬಿಂದುಗಳ ನಡುವೆ ನುಸುಳಿಹೋಗಿದ್ದವು. ಮತ್ತಷ್ಟು ಪ್ರಯೋಗ ಮಾಡಿದ ಮೇಲೆ ಅವನೇ ತನ್ನ ಊಹೆಯನ್ನು ತಿದ್ದಿಕೊಂಡನು. ಗಣವೆಲ್ಲ ಒಂದೇ ತುಂಡೆಂಬುದನ್ನು ಆದ್ರಿಯೆನ್ ದುವಾದಿ ಮತ್ತು ಜಾನ್ ಹಬರ್ಡ್ 1982ರಲ್ಲಿ ಸಾಧಿಸಿದರು. ಸಾಧಿಸಿದುದು ಚಿತ್ರದಿಂದಲ್ಲ, ತರ್ಕದಿಂದ. ಚಿತ್ರ ಕಂಡುದನ್ನು ಹೇಳಿತ್ತು. ಕಾಣದ ಎಳೆಯನ್ನು ಕಂಡುದು ಪ್ರಮೇಯ.

ಹಾಗೆಂದು ಚಿತ್ರ ಬೇಡವೆ? ಹಾಗೆ ಹೇಳಿದರೆ ಕೃತಘ್ನತೆಯಾದೀತು. ಈ ಬಗೆಯ ಪುನರಾವರ್ತನೆಗಳನ್ನು ಫ್ರಾನ್ಸಿನ ಗಾಸ್ತೋ ಜೂಲಿಯಾ ಮತ್ತು ಪಿಯೆರ್ ಫಾತೂ ಎಂಬುವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೇ ಆಳವಾಗಿ ಅಭ್ಯಾಸ ಮಾಡಿದ್ದರು. 1918ರಲ್ಲಿ ಪ್ರಕಟವಾದ ಜೂಲಿಯಾನ ಪ್ರಬಂಧ ಸುಮಾರು 200 ಪುಟಗಳದು. ಆದರೆ ಅವರಿಬ್ಬರಿಗೂ ತಾವು ಕಂಡುಹಿಡಿದ ಆಕೃತಿಗಳನ್ನು ಕಣ್ಣಾರೆ ನೋಡುವ ಭಾಗ್ಯವಿರಲಿಲ್ಲ. ಅಷ್ಟು ಲೆಕ್ಕವನ್ನು ಕೈಯಿಂದ ಮಾಡುವಂತಿರಲಿಲ್ಲ. ಅವರ ವಿಷಯ ಬಹುಕಾಲ ಮರೆವಿನ ಮೂಲೆಯಲ್ಲಿತ್ತು. ಅದಕ್ಕೆ ಮತ್ತೆ ಜೀವ ಬಂದುದು ಕಂಪ್ಯೂಟರಿನ ಚಿತ್ರಗಳಿಂದ. ದುವಾದಿ ಹಬರ್ಡರಂಥವರಿಗೆ ಪ್ರಶ್ನೆ ಹೊಳೆಯುವುದಕ್ಕೂ ಚಿತ್ರಗಳು ನೆರವಾದವು. ಪ್ರಶ್ನೆಯನ್ನು ಹುಟ್ಟಿಸುವ ಶಕ್ತಿ ಚಿತ್ರಕ್ಕೆ ಉಂಟು. ಉತ್ತರವನ್ನು ಸಾಧಿಸುವ ಹೊಣೆಯನ್ನು ಅದರ ಮೇಲೆ ಹೊರಿಸಬಾರದು.

ನಿಸರ್ಗದಿಂದ ತೆಗೆದ ದೃಷ್ಟಾಂತಗಳಲ್ಲಿಯೂ ಇದೇ ಎಚ್ಚರ ಬೇಕು. ಜರೀಗಿಡದ ಎಲೆ, ಹೂಕೋಸು, ಕಡಲತೀರ ಇವೆಲ್ಲ ಫ್ರ್ಯಾಕ್ಟಲ್‌ಗಳೆಂದು ಹೇಳುವುದು ಈಗ ವಾಡಿಕೆ. ಅಳತೆಗೋಲು ಚಿಕ್ಕದಾದಂತೆ ಬ್ರಿಟನ್ನಿನ ಕಡಲತೀರದ ಉದ್ದ ಬೆಳೆಯುತ್ತ ಹೋಗುತ್ತದೆಂಬುದನ್ನು ಲೂಯಿಸ್ ಫ್ರೈ ರಿಚರ್ಡ್‌ಸನ್ನನ ಅಳತೆಗಳ ಆಧಾರದಿಂದ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ವಿವರಿಸಿದನು. ಕಣ್ತೆರೆಸುವ ಮಾತು ಅದು. ಆದರೆ ತೀರವನ್ನು ಹಿಗ್ಗಿಸುತ್ತ ಹೋದರೆ ಕೊನೆಗೆ ಮರಳಿನ ಕಣ ಸಿಗುತ್ತದೆ; ಜರೀಗಿಡದ ಎಲೆಯನ್ನು ಹಿಗ್ಗಿಸಿದರೆ ಎರಡು ಮೂರು ಹಂತಗಳಲ್ಲಿ ಕಿರಿಯೆಲೆಗಳು ಮುಗಿದು ಜೀವಕೋಶ ಸಿಗುತ್ತದೆ. ಕಾಕನ ರೇಖೆಯಲ್ಲಿ ಅಂಥ ಕೊನೆಯಿಲ್ಲ. ಮುಖವನ್ನು ಚಂದ್ರನಿಗೆ ಹೋಲಿಸಿದಾಗ ಕಾಂತಿಯನ್ನಷ್ಟೇ ಗ್ರಹಿಸಿ ಕಲೆಯನ್ನು ಬಿಡುತ್ತೇವಲ್ಲವೆ? ಇಲ್ಲಿಯೂ ಹಾಗೆಯೇ. ಉಪಮಾನ ಉಪಮೇಯಗಳಿಗೆ ಸಮಾನವಾದ ಧರ್ಮ ಯಾವುದು, ಎಲ್ಲಿಯವರೆಗೆ ಎಂಬುದನ್ನು ಹೇಳದ ಹೋಲಿಕೆ ಅರ್ಧ ಹೋಲಿಕೆ.

ಆದುದರಿಂದ ಗಣಿತದ ಚಿತ್ರವೊಂದು ನಮ್ಮ ಮುಂದೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಇದು ಯಾವ ಪರಿಕಲ್ಪನೆಗೆ ದೃಷ್ಟಾಂತ? ಹೆಸರಿಸಲು ಬಾರದಿದ್ದರೆ ಅದು ಅಲಂಕಾರ ಮಾತ್ರ. ಇದನ್ನು ಹುಟ್ಟಿಸಿದ ನಿಯಮ ಇದರಿಂದ ತಿಳಿಯುತ್ತದೆಯೆ? ನೋಡಿದವನು ಮುಂದಿನ ಹಂತವನ್ನು ತಾನೇ ಬರೆಯಬಲ್ಲನಾದರೆ ತಿಳಿಯಿತೆಂದು ಅರ್ಥ. ತಾನು ಎಲ್ಲಿ ನಿಲ್ಲುತ್ತೇನೆಂಬುದನ್ನು ಇದು ಒಪ್ಪಿಕೊಳ್ಳುತ್ತದೆಯೆ? ಒಪ್ಪಿಕೊಳ್ಳದ ಚಿತ್ರ, ನೋಡಿದವನಲ್ಲಿ ಎಲ್ಲವೂ ಅರ್ಥವಾಯಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಕಲಿಯುವವನಿಗೆ ಅಜ್ಞಾನಕ್ಕಿಂತ ಈ ಭ್ರಮೆಯೇ ಹೆಚ್ಚು ಹಾನಿಕರ. ತಿಳಿಯದವನು ಕೇಳುತ್ತಾನೆ, ತಿಳಿಯಿತೆಂದು ಭ್ರಮಿಸಿದವನು ಕೇಳುವುದನ್ನೇ ಬಿಡುತ್ತಾನೆ.

ಈ ಮೂರು ಪ್ರಶ್ನೆಗಳನ್ನು ಅಂದು ನಾನು ಕೇಳಿದ್ದರೆ ತೀರ್ಪು ಬೇರೆಯಾಗುತ್ತಿತ್ತು. ವರ್ಣಚಿತ್ರ ಸೋಲಲೇಬೇಕಾಗಿತ್ತೆಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಗುಣಾಕಾರದ ನಾಲ್ಕು ಸಾಲುಗಳೂ, ಕಪ್ಪು ಯಾವುದು ಬಣ್ಣ ಯಾವುದು ಎಂಬ ವಿವರಣೆಯೂ ಇದ್ದಿದ್ದರೆ, ಅದೂ ಒಳ್ಳೆಯ ದೃಷ್ಟಾಂತವಾಗಬಹುದಾಗಿತ್ತು. ಆದರೆ ಖಾಲಿ ಚೌಕಕ್ಕೆ ಅಂಕ ಕಳೆದುದು ನನ್ನ ತಪ್ಪು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ತರಗತಿಯಲ್ಲಿ, "ಅರ್ಥವಾಯಿತೆ?" ಎಂದು ಕೇಳಿ, "ಆಯಿತು ಸಾರ್" ಎಂಬ ಒಕ್ಕೊರಲ ಉತ್ತರವನ್ನು ನಂಬಿ ಮುಂದಿನ ಪಾಠಕ್ಕೆ ಹೋದವನು ನಾನು. ಹಗಲಿನಲ್ಲಿ ಅರುಂಧತಿಯನ್ನು ತೋರಿಸುವ ಪುರೋಹಿತರನ್ನು ಹಾಸ್ಯ ಮಾಡುವ ಅಧಿಕಾರ ನನಗಿಲ್ಲ. ಆ ಹುಡುಗಿಯ ಹೆಸರು ನನಗೆ ನೆನಪಿಲ್ಲ. ಅವಳು ಎಲ್ಲಿಯೇ ಇರಲಿ, ಕಾಣದುದನ್ನು ಕಂಡೆನೆನ್ನದ ಆ ಗುಣವನ್ನು ನನ್ನ ಅಂಕಕ್ಕೆ ಹೆದರಿ ಬಿಟ್ಟಿರದಿದ್ದರೆ ಸಾಕು.

ಅಭ್ಯಾಸ

1. ಸ್ಥೂಲಾರುಂಧತೀ ನ್ಯಾಯಕ್ಕೂ ಶಾಖಾಚಂದ್ರ ನ್ಯಾಯಕ್ಕೂ ಇರುವ ವ್ಯತ್ಯಾಸವೇನು?
2. ಹುಡುಗಿ ಆರನೆಯ ಚೌಕವನ್ನು ಖಾಲಿ ಬಿಟ್ಟುದೇಕೆ? ಲೇಖಕರು ಅದಕ್ಕೆ ಕೊಡುವ ಬೆಲೆ ಏನು?
3. ಕಾಕನ ರೇಖೆಯ ಚಿತ್ರ ಯಾವುದನ್ನು ಚೆನ್ನಾಗಿ ತೋರಿಸುತ್ತದೆ? ಯಾವುದನ್ನು ತೋರಿಸಲಾರದು?
4. ಮ್ಯಾಂಡೆಲ್‌ಬ್ರಾಟನ ಮೊದಲ ಊಹೆ ತಪ್ಪಾದುದು ಹೇಗೆ?
5. ಆರಿಸಿದ ಸಂಖ್ಯೆ -2 ಆದಾಗ ಏನಾಗುತ್ತದೆಂಬುದನ್ನು ಪಾಠದಲ್ಲಿ ಹೇಳಿದ ನಿಯಮದಂತೆ ಲೆಕ್ಕ ಹಾಕಿರಿ.
6. ನಿಮ್ಮ ಪಠ್ಯಪುಸ್ತಕದ ಯಾವುದಾದರೂ ಒಂದು ಚಿತ್ರವನ್ನು ಆರಿಸಿಕೊಂಡು, ಲೇಖಕರ ಮೂರು ಪ್ರಶ್ನೆಗಳಿಂದ ಪರೀಕ್ಷಿಸಿ ಒಂದು ಪುಟದಷ್ಟು ಬರೆಯಿರಿ.